ಮೆಲ್ಲಗೆ ಮಾತಾಡುವ ಹೋಮ್ ಥಿಯೇಟರ್

ಆ ಎರಡನೇ ಶನಿವಾರವೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಅಂಗಳಕ್ಕೆ ನೀರು ಚಿಮುಕಿಸಿ ನಾಲ್ಕೆಳೆ ರಂಗೋಲಿ ಹಾಕಿ, ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪಾಕೀಟು ತೆಗೆದುಕೊಂಡು ಒಳಗೆ ಬಂದೆ. ನಳಕ್ಕೆ ನೀರು ಬರುವ ದಿನವಲ್ಲ, ಹಾಗಾಗಿ ಕೊಡಗಳ ಗಡಿಬಿಡಿ ಇರಲಿಲ್ಲ. ಯಜಮಾನರು ಬ್ಯಾಂಕಿಗೆ ರಜೆ ಎಂದು ಮುಸುಕು ಹೊದ್ದು ಮಲಗಿದ್ದರು. ಅತ್ತೆಯವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂತಿದ್ದರು. ಅವರ ಪೂಜೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಒಂದು ಚಮಚವೂ ಸಪ್ಪಳ ಮಾಡುವಂತಿಲ್ಲ. ನಾನು ಈ ಮನೆಗೆ ಬಂದ ದಿನದಿಂದ ಅದು ಕಾಯಿದೆ.

ಅಂದು ಸಕ್ಕರೆ ಡಬ್ಬಿಯ ಮುಚ್ಚಳ ಕೈಜಾರಿತು. ಸ್ಟೀಲಿನ ಮುಚ್ಚಳ, ಕಲ್ಲಿನ ಫರಸಿ. ಅದು ಬಿದ್ದು, ಪುಟಿದು, ಗಿರಗಿರನೆ ತಿರುಗಿ, ತನ್ನ ಮನಸ್ಸಿಗೆ ಬಂದಾಗ ಮಲಗಿತು. ನಾನು ಬಾಗಿಲಾಚೆ ಇಣುಕಿದೆ. ಅತ್ತೆಯವರ ಬೆನ್ನು ಅಲುಗಲಿಲ್ಲ. ಅಂಗೈಯಲ್ಲಿದ್ದ ಲಿಂಗದ ಮೇಲಿನ ನೋಟವೂ ಕದಲಲಿಲ್ಲ. ಭಕ್ತಿ ಎಂದುಕೊಳ್ಳಬಹುದಿತ್ತು. ಆದರೆ ಹಿಂದೆ ಇಷ್ಟೇ ಭಕ್ತಿಯ ನಡುವೆ, ನಾನು ಉಪ್ಪಿನ ಭರಣಿ ಸರಿಸಿದ್ದಕ್ಕೂ "ಏನ್ ಗುಡುಗ ಅದು?" ಎಂದು ಕೂತಲ್ಲಿಂದಲೇ ಕೇಳಿದವರು ಅವರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನನಗೂ ಅತ್ತೆಯವರಿಗೂ ಗೆಳೆತನವಾದದ್ದು ಸಿನಿಮಾದಿಂದ. ಮದುವೆಯಾಗಿ ಹದಿನೈದು ದಿನವಾಗಿರಬೇಕು, ಒಂದು ಮಧ್ಯಾಹ್ನ ಕಾಳು ಆರಿಸುತ್ತ ಕೂತಾಗ ಇದ್ದಕ್ಕಿದ್ದಂತೆ, "ಸಿನಿಮಾ ನೋಡ್ತಿಯೇನ?" ಎಂದು ಕೇಳಿದರು. ಇದು ಪರೀಕ್ಷೆ ಅಂದುಕೊಂಡೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳ ಲೆಕ್ಕದಲ್ಲಿ ಸಿನಿಮಾ ಎಂದರೆ ಪಾಪದ ಸಣ್ಣ ತಮ್ಮ. ತಲೆ ತಗ್ಗಿಸಿ, "ಇಲ್ಲರಿ" ಅಂದೆ. ಅತ್ತೆಯವರ ಮುಖ ಇಳಿದುಹೋಯಿತು. "ಹಂಗಾರ ನಾ ಇನ್ನ ಯಾರ ಜೋಡಿ ಹೋಗ್ಲಿ?" ಅಂದರು.

ಮರುದಿನದಿಂದಲೇ ನಾನು ನೋಡತೊಡಗಿದೆ. ಖರೆ ಹೇಳಬೇಕೆಂದರೆ ಹಾಸ್ಟೆಲಿನಲ್ಲಿದ್ದಾಗಲೇ ಕದ್ದು ನೋಡುತ್ತಿದ್ದೆ, ಅದನ್ನು ಅವರಿಗೆ ಹೇಳಲು ಎರಡು ವರ್ಷ ಬೇಕಾಯಿತು. ಕಾಯಿಪಲ್ಲೆಗೆ ಹೋಗುತ್ತೇವೆಂದು ಖಾಲಿ ಚೀಲ ಹಿಡಿದು ಹೊರಡುವುದು, ಮ್ಯಾಟಿನಿ ಮುಗಿಸಿ, ಬರುವ ದಾರಿಯಲ್ಲಿ ಒಂದು ಸೂಡು ಮೆಂತೆಪಲ್ಲೆ ಕೊಂಡು ಬರುವುದು. ಆಗ ಮಾವನವರು ಇದ್ದರು. "ಮೂರ ತಾಸಿನ್ಯಾಗ ಒಂದ ಸೂಡು ಮೆಂತೆ!" ಎನ್ನುತ್ತಿದ್ದರು, ಮೀಸೆಯಲ್ಲೇ ನಗುತ್ತ. ಟಾಕೀಜಿನಲ್ಲಿ ಅತ್ತೆಯವರು ಸುಮ್ಮನೆ ಕೂತವರಲ್ಲ. "ಇಂವ ಸುಳ್ಳ ಹೇಳಾಕತ್ತಾನ", "ಈಕಿ ಒಪ್ಪತಾಳ ನೋಡು, ಇನ್ನೆರಡ ಮಾತಿನ್ಯಾಗ", ಹೀಗೆ ನಡೆದೇ ಇರುತ್ತಿತ್ತು. ಮುಂದಿನ ಸಾಲಿನ ಗಂಡಸರು ತಿರುಗಿ ನೋಡುತ್ತಿದ್ದರು. ನಾನು ನಾಚಿಕೆಯಿಂದ ಕುರ್ಚಿಯಲ್ಲಿ ಇಳಿಯುತ್ತಿದ್ದೆ. ಅವರು ಹೇಳಿದ್ದೇ ಆಗುತ್ತಿತ್ತು.

ಆಮೇಲೆ ಮೊಣಕಾಲು ನೋವೆಂದು ಟಾಕೀಜು ನಿಂತು ಟಿವಿ ಬಂತು. ಅದರ ಹಿಂದೆ ಕಿವಿ ಮಂದವಾಯಿತು. ನಮ್ಮ ಕಡೆಯ ಮಾತೇ ಜೋರು, ಹಾಗಾಗಿ ಎದುರುಬದುರು ಮಾತಿಗೆ ಅವರಿಗೆ ತೊಂದರೆಯಿಲ್ಲ. ತೊಂದರೆ ಇದ್ದದ್ದು ನನ್ನಂಥ ಸಣ್ಣ ದನಿಯವಳದ್ದು, ಮತ್ತೆ ಟಿವಿಯದ್ದು. ಕಿವಿಗೆ ಮಷೀನು ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡು, ಕುಕ್ಕರಿನ ಸೀಟಿ ತಲೆಯೊಳಗೇ ಊದುತ್ತದೆ ಎಂದು ತೆಗೆದು ಬಿಸ್ಕೀಟಿನ ಡಬ್ಬಿಯಲ್ಲಿಟ್ಟರು. "ನನ್ನ ಕಿವಿಗೆ ಏನಾಗೇತಿ? ಈಗಿನ ಹೀರೋಗಳು ಬಾಯಾಗ ಅನ್ನ ಇಟ್ಕೊಂಡ ಮಾತಾಡ್ತಾವು" ಎಂಬುದು ಅವರ ತೀರ್ಮಾನ. ನಾವು ಟಿವಿಯ ಸೌಂಡು ಏರಿಸುತ್ತ ಹೋದೆವು. ಸೌಂಡು ಏರಿದಷ್ಟೂ ಗದ್ದಲ ಏರಿತೇ ಹೊರತು ಮಾತು ತಿಳಿಯಾಗಲಿಲ್ಲ. ಮೊದಮೊದಲು "ಏನಂದಾ? ಏನಂದಾ?" ಎಂದು ನನ್ನ ಕೇಳುತ್ತಿದ್ದರು. ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳುವಷ್ಟರಲ್ಲಿ ಮುಂದಿನ ಮಾತು ದಾಟಿಹೋಗುತ್ತಿತ್ತು. ಕೆಲವು ತಿಂಗಳಿಂದ ಕೇಳುವುದನ್ನೇ ಬಿಟ್ಟಿದ್ದರು. ಅರ್ಧ ಸಿನಿಮಾಕ್ಕೆ ಎದ್ದು, "ಮುಂದ ಏನಾಗ್ತೈತಿ ನಂಗ ಗೊತ್ತೈತಿ ಬಿಡು" ಎಂದು ಬೇಳೆ ಹಸನು ಮಾಡಲು ಹೋಗುತ್ತಿದ್ದರು. ಆ ಅರ್ಧ ಸಿನಿಮಾಗಳನ್ನು ನಾನೊಬ್ಬಳೇ ನೋಡಿ ಮುಗಿಸುತ್ತಿದ್ದೆ. ಜತೆಗೆ ನೋಡುವವರಿಲ್ಲದಿದ್ದರೆ ಸಿನಿಮಾ ಎಷ್ಟು ಉದ್ದ ಎನ್ನುವುದು ನನಗೆ ಆಗ ತಿಳಿಯಿತು.

ಹೋಮ್ ಥಿಯೇಟರ್ ತರೋಣ ಎಂದು ಯಜಮಾನರಿಗೆ ನಾನೇ ಗಂಟು ಬಿದ್ದೆ. ಆದರೆ ಅದು ಅತ್ತೆಯವರ ಕಿವಿಗಾಗಿ ಎಂದು ಗೊತ್ತಾದರೆ ಮನೆಯೊಳಗೆ ಬಿಟ್ಟುಕೊಳ್ಳುವವರಲ್ಲ. ಆದ್ದರಿಂದ ಸೊಸೆಗೆ ಈ ವಯಸ್ಸಿನಲ್ಲಿ ಸಿನಿಮಾ ಹುಚ್ಚು ಹೆಚ್ಚಾಗಿದೆ ಎಂದು ಸುದ್ದಿ ಹಬ್ಬಿಸಿದೆವು. ಆ ಪಾತ್ರಕ್ಕೆ ನಾನು ಹೆಚ್ಚು ತಯಾರಿ ಮಾಡಿಕೊಳ್ಳಬೇಕಾಗಲಿಲ್ಲ. "ನೀವೂ ಬರ್ರಿ ಅತ್ತಿ, ಆರಿಸಿ ಕೊಡ್ರಿ" ಎಂದು ಕರೆದರೆ, "ನಿನ್ನ ಹುಚ್ಚಿಗೆ ನಾ ಯಾಕ?" ಎನ್ನುತ್ತಲೇ ಹೊಸ ಇಳಕಲ್ ಸೀರೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಹೊರಡುವಾಗ ಒಂದು ತಕರಾರು ಎತ್ತಿದರು. "ಹುಕ್ಕೇರಿಗೆ ಮಾತ್ರ ಹೋಗಾಂಗಿಲ್ಲ."

ಹುಕ್ಕೇರಿಯಲ್ಲಿ ನನ್ನ ನಾದಿನಿಯ ಮನೆ. ಅವಳ ಗಂಡನದು ಟಿವಿ, ಫ್ರಿಜ್ಜುಗಳ ಅಂಗಡಿ, ಮೇಲೆ ಮನೆ. ಅಲ್ಲಿಗೆ ಹೋದರೆ ಅಳಿಯ ನಮ್ಮಿಂದ ಹಣ ಮುಟ್ಟುವುದಿಲ್ಲ, ಹಣ ಕೊಡದೆ ಅಳಿಯನ ಮನೆಯ ವಸ್ತು ತಂದರೆ ಅತ್ತೆಯವರ ಮಾನ ಉಳಿಯುವುದಿಲ್ಲ. ಅಳಿಯನಿಗೆ ಕೊಡಬೇಕು, ಅವನಿಂದ ತರಬಾರದು. ಇದು ಅವರ ಇನ್ನೊಂದು ಕಾಯಿದೆ. ಮೇಲವಂಕಿಯ ತವರಿನಿಂದ ತಂದದ್ದು. ಯಜಮಾನರು, "ಇಲ್ಲೇ ಗೋಕಾಕದಾಗ ನೋಡೂಣು, ಇಲ್ಲಂದ್ರ ಮೂಡಲಗಿ. ಹುಕ್ಕೇರಿ ಸುದ್ದಿ ಬ್ಯಾಡ" ಎಂದು ಒಪ್ಪಿದರು.

ಗೋಕಾಕದ ಅಂಗಡಿಯವರು ನಮ್ಮನ್ನು ಒಂದು ಕತ್ತಲೆ ಕೋಣೆಗೆ ಕರೆದೊಯ್ದು ಸೋಫಾದಲ್ಲಿ ಕೂರಿಸಿದರು. ಗೋಡೆಯುದ್ದಕ್ಕೂ ಕರಿ ಡಬ್ಬಿಗಳು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದರ ಮೇಲೆ ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದಿಟ್ಟು, "ಈಗ ನೋಡ್ರಿ ಅಕ್ಕಾರ" ಅಂದರು. ತೆರೆಯ ಮೇಲೆ ಹೆಲಿಕಾಪ್ಟರ್ ಬಂತು. ಸೇತುವೆ ಹಾರಿತು. ನಾಣ್ಯ ಥಕಥಕ ಕುಣಿದು ನೆಲಕ್ಕೆ ಬಿತ್ತು. ಅಂಗಡಿಯವರ ಮುಖದಲ್ಲಿ ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಸಂತೋಷ.

"ಮಾತು ಇರೋದು ಏನರ ಹಚ್ಚತೀರೇನ್ರಿ?" ಎಂದು ಕೇಳಿದೆ. "ಯಾರರ ಇಬ್ಬರು ಮೆಲ್ಲಕ ಮಾತಾಡೋದು?"

"ಮೆಲ್ಲಕ ಮಾತಾಡೋದಾ?" ಅವರು ಯಜಮಾನರ ಕಡೆ ನೋಡಿದರು. "ಅದಕ್ಕ ಹೋಮ್ ಥಿಯೇಟರ್ ಯಾಕ ಬೇಕ್ರಿ? ಅದು ಮನ್ಯಾಗ ಹಂಗೇ ಆಗ್ತೈತಿ."

"ನಮ್ಮ ಮನ್ಯಾಗ ಆಗಂಗಿಲ್ಲರಿ" ಅಂದರು ಯಜಮಾನರು.

ಹುಡುಕಿ ಹುಡುಕಿ ಒಂದು ದೃಶ್ಯ ಹಾಕಿದರು. ಆಸ್ಪತ್ರೆ, ಮಂಚ, ತಾಯಿ ಮಗ. ತಾಯಿಯ ಮಾತು ಪಾತಾಳದಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ನಾನು ತೆರೆ ನೋಡದೆ ಅತ್ತೆಯವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು. ನೋಟಕ್ಕೆ ನೋಟ ಸಿಕ್ಕ ಕೂಡಲೇ, "ಭಾಳ ಛಲೋ ಐತಿ. ತಗೋ, ತಗೋ" ಅಂದುಬಿಟ್ಟರು. ಸೊಸೆ ಆಸೆಪಟ್ಟಿದ್ದಾಳೆ ಎಂದು ಅವರು ಹೊಗಳುತ್ತಿದ್ದಾರೆ, ಅವರಿಗೆ ಕೇಳಿಸಲಿ ಎಂದು ನಾನು ಆಸೆಪಡುವ ನಾಟಕ ಮಾಡುತ್ತಿದ್ದೇನೆ. ಇಬ್ಬರೂ ಹೀಗೆ ಕೂತರೆ ಖರೇ ಹೇಳುವವರು ಯಾರು?

ನನ್ನಲ್ಲಿ ಒಂದು ದೋಷವಿದೆ. ಯಾರಾದರೂ ಕಷ್ಟಪಟ್ಟು ಏನನ್ನಾದರೂ ತೋರಿಸಿದರೆ "ವೆರಿ ನೈಸ್, ಥ್ಯಾಂಕ್ಯೂ" ಎನ್ನದೆ ಎದ್ದುಬರಲಾರೆ. ಸಿಸ್ಟರ್‌ಗಳು ಅಂಗೈ ಮೇಲೆ ಸ್ಕೇಲಿನಿಂದ ಕಲಿಸಿದ ವಿದ್ಯೆ. ಅಂದೂ ಹಾಗೇ ಅಂದೆ. ಅಂಗಡಿಯವರು ಆಗಲೇ ಡಬ್ಬಿಗೆ ಹಗ್ಗ ಹುಡುಕತೊಡಗಿದರು. ಯಜಮಾನರು ಫೋನು ಬಂದಂತೆ ಮಾಡಿ, ಕಿವಿಗೆ ಹಿಡಿದುಕೊಂಡು, ನಮ್ಮಿಬ್ಬರನ್ನೂ ಹೊರಗೆ ನಡೆಸಿದರು. ಕಾರಿನಲ್ಲಿ, "ಇನ್ನೊಂದ ಅಂಗಡ್ಯಾಗ ನೈಸ್ ಅಂದ್ರ, ನಿನ್ನ ಅಲ್ಲೇ ಬಿಟ್ಟ ಬರ್ತೀನಿ" ಅಂದರು.

ಮೂಡಲಗಿಯ ಅಂಗಡಿ ಕಾಳಿನ ಪೇಟೆಗೆ ಹತ್ತಿರ. ಅಲ್ಲಿ ನಾಣ್ಯದ ಆಟವಿರಲಿಲ್ಲ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಬಾಜೂ ಇಟ್ಟಿದ್ದ ಬಟ್ಟಲಿನಿಂದ ಒಂದು ಹಿಡಿ ಬಿಳಿಜೋಳ ತೆಗೆದು ಆ ದಪ್ಪ ಡಬ್ಬಿಯ ಮೇಲೆ ಹರವಿದರು. "ನಮ್ಮ ಕಡೆ ಗಿರಾಕಿ ಇದನ್ನ ನೋಡಿದ ಮ್ಯಾಲೇ ತಗೋತಾರ್ರಿ. ಎದ್ಯಾಗ ಬಡೀಬೇಕು. ಬಡೀಲಿಲ್ಲ ಅಂದ್ರ ಅದು ಸೆಟ್ಟಽ ಅಲ್ಲ." ಗುಂಡಿ ಒತ್ತಿದರು. ಜೋಳ ಹುರಿಯುವ ಬಾಣಲೆಯಲ್ಲಿದ್ದಂತೆ ಎದ್ದೆದ್ದು ಹಾರತೊಡಗಿತು. ಹಗುರ ಕಾಳು, ಹೊಟ್ಟು ಒಂದು ಅಂಚಿಗೆ ಬಂದವು, ಗಟ್ಟಿಕಾಳು ನಡುವೆ ಉಳಿಯಿತು.

ಅತ್ತೆಯವರು ಮೊದಲ ಬಾರಿ ಮುಂದೆ ಬಾಗಿ ಆಸ್ಥೆಯಿಂದ ನೋಡಿದರು. "ಇದು ಛಲೋ ಐತಿ ಬಿಡ್ರಿ. ಕಾಳು ಹಸನ ಮಾಡಾಕ."

ಅಂಗಡಿಯವರು ಕಾಳನ್ನು ಮತ್ತೆ ಬಟ್ಟಲಿಗೆ ಸುರಿದರು. ಮಾತು ಬೆಳೆಸಲೆಂದು ಯಾವ ಊರು, ಯಾವ ಮನೆತನ ಎಂದು ವಿಚಾರಿಸಿದರು. ಯಜಮಾನರು ಹೇಳಿದರು. ನಮ್ಮ ಕಡೆ ಈ ವಿಚಾರಣೆ ಮೂರು ಪ್ರಶ್ನೆ ದಾಟುವುದರೊಳಗೆ ಒಂದು ಸಂಬಂಧ ಸಿಕ್ಕೇ ಸಿಗುತ್ತದೆ. ಎರಡನೆಯದಕ್ಕೇ ಸಿಕ್ಕಿತು. "ಅಂದ್ರ ಹುಕ್ಕೇರಿ ಸಾಹುಕಾರರ ಬೀಗರೇನ್ರಿ ನೀವು? ನಾವು ಮಾಲು ತರೋದು ಅವರ ಕಡಿಂದನ!" ಎನ್ನುತ್ತಲೇ ಫೋನು ಹಚ್ಚಿದರು. ನಾವು ಬೇಡ ಬೇಡ ಎಂದು ಕೈಯಾಡಿಸುವಷ್ಟರಲ್ಲಿ ಆಚೆಯಿಂದ ಅಳಿಯನ ದನಿ ಸ್ಪೀಕರಿನಲ್ಲಿ ಅಂಗಡಿಯೆಲ್ಲ ತುಂಬಿತು.

"ಏನ್ರಿ ಅತ್ತಿಯವರ, ನಮ್ಮ ಅಂಗಡಿ ಮುಚ್ಚೇತಿ ಅಂತ ಯಾರ ಹೇಳಿದ್ರಿ ನಿಮಗ?"

ಅದರ ಹಿಂದೆ ನಾದಿನಿಯ ದನಿ: "ಯವ್ವಾ, ಮೂಡಲಗಿತನಕ ಬರಾಕ ಕಾಲ ನೋವಿಲ್ಲ, ಮಗಳ ಮನಿಗೆ ಬರಾಕ ನೋವೇನ? ವೈನೀ, ನೀವರ ಹೇಳಬಾರದೇನ್ರಿ? ಊಟಕ್ಕ ಬರ್ರಿ ಸುಮ್ನ. ಎಣ್ಣಿಗಾಯಿ ಒಲಿ ಮ್ಯಾಲೆ ಇಡ್ತೀನಿ."

ಅತ್ತೆಯವರು ಸೆರಗು ಸರಿಮಾಡಿಕೊಂಡು, "ನಡೀರಿ ಇನ್ನ. ಊಟಾ ಅಷ್ಟ ಮಾಡಿ ಬರೂಣು. ಸಾಮಾನಿನ ಮಾತು ತಗೀಬ್ಯಾಡ್ರಿ" ಅಂದರು.

ಬಂದ ದಾರಿಯಲ್ಲೇ ಅರ್ಧ ಹಿಂದೆ ಹೋಗಿ, ಘಟಪ್ರಭೆ ದಾಟಿ ಹುಕ್ಕೇರಿಯ ಕಡೆ ತಿರುಗಿದೆವು. ನಡುವೆ ಒಂದು ಕುರಿಹಿಂಡು ರಸ್ತೆಗೆ ಅಡ್ಡ ಬಂತು. ಕಾರು ನಿಂತಿತು. ಕುರಿಗಳ ಕೊರಳ ಗಂಟೆ, ಮರಿಗಳ ಎಳೆ ದನಿ, ಕುರುಬನ ಬಾಯಿಂದ ಹೊರಟ ಹುರ್ ಹುರ್ ಎಂಬ ಸದ್ದು. ನನಗೆ ಸಿನಿಮಾದಲ್ಲಿ ಕೇಳಬೇಕೆನಿಸುವುದು ಇಂಥವೇ. ಅತ್ತೆಯವರು ಕಿಟಕಿಯ ಕಾಜು ಇಳಿಸಿ ಕುರಿಗಳನ್ನೇ ನೋಡುತ್ತಿದ್ದರು. ಮರಿಯೊಂದು ಬಾಗಿಲಿಗೆ ಮೂಗು ತಾಗಿಸಿ ಕೂಗಿತು. ಅದರ ಬಾಯಿ ತೆರೆದದ್ದನ್ನು ಕಂಡು ನಕ್ಕರು. ಕೇಳಿ ನಕ್ಕರೋ ಕಂಡು ನಕ್ಕರೋ ನಾನು ಹಿಂದಿನ ಸೀಟಿನಿಂದ ಹೇಗೆ ಹೇಳಲಿ?

ಸಾಮಾನಿನ ಮಾತು ತೆಗೆಯಬೇಕಾದ ಅಗತ್ಯವೇ ಬೀಳಲಿಲ್ಲ. ನಾವು ಕಾರಿನಿಂದಿಳಿಯುತ್ತಲೇ ಅಳಿಯ ಅಂಗಡಿಯೊಳಗೆ ಕರೆದು, ಆಳೆತ್ತರದ ಎರಡು ಕಂಬಗಳ ನಡುವೆ ನಿಂತು, "ಇದಕ್ಕಿಂತ ದೊಡ್ಡದು ಬೆಳಗಾವಿತನಕ ಇಲ್ಲರಿ" ಅಂದರು. ಗುಂಡಿ ಒತ್ತಿದರು. ಇಲ್ಲಿ ನಾಣ್ಯವೂ ಬೇಕಾಗಲಿಲ್ಲ, ಜೋಳವೂ ಬೇಕಾಗಲಿಲ್ಲ. ನನ್ನ ಕಿವಿಯ ಬೆಂಡೋಲೆಗಳೇ ಅಲುಗಾಡಿದವು. ಅತ್ತೆಯವರು "ಭಾಳ ಛಲೋ ಐತಿ" ಅಂದರು. ನಾನು ತುಟಿ ಕಚ್ಚಿ ಹಿಡಿದರೂ "ವೆರಿ ನೈಸ್" ಹೊರಗೆ ಬಿತ್ತು. ಯಜಮಾನರು ಹಣೆ ಒತ್ತಿಕೊಂಡರು. ನಾವು ಮೆಟ್ಟಿಲೇರಿ ಊಟಕ್ಕೆ ಹೋಗುವಷ್ಟರಲ್ಲಿ ಆ ಕಂಬಗಳ ಡಬ್ಬಿ ನಮ್ಮ ಕಾರಿನ ತಲೆಯ ಮೇಲೆ ಏರಿತ್ತು.

ಮೇಲೆ ನಾದಿನಿಯ ಪಡಸಾಲೆಯಲ್ಲಿ ಟಿವಿ ತನ್ನಷ್ಟಕ್ಕೆ ನಡೆದಿತ್ತು. ಯಾವುದೋ ಹಳೆಯ ನಗೆ ಸಿನಿಮಾ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಉರಿಗೆ ಹೇಳುವಂತೆ ಜಗಳವಾಡುತ್ತಿದ್ದರು. ಮೊಣಕಾಲು ನೀವಿಕೊಳ್ಳುತ್ತ ಅತ್ತೆಯವರು ಮಂಚದ ಮೇಲೆ ಕೂತರು. ನಾನು ನಾದಿನಿಯ ಜತೆ ತಾಟು ಹಚ್ಚಲು ಒಳಗೆ ಹೋದೆ.

"ಯವ್ವಾ, ಬಾ ಊಟಕ್ಕ" ಎಂದು ನಾದಿನಿ ಕರೆದಳು.

"ತಡಿ."

"ಎಣ್ಣಿಗಾಯಿ ಆರ್ತೈತಿ."

"ತಡಿಯ ಮಾರಾಯ್ತಿ, ಈಗ ಆಕಿ ಏನಂತಾಳ ಕೇಳೂಣು."

ನನ್ನ ಕೈಯಲ್ಲಿದ್ದ ಚಟ್ನಿಪುಡಿಯ ಚಮಚ ಅಲ್ಲೇ ನಿಂತಿತು. ಬಾಗಿಲಿಗೆ ಬಂದು ನೋಡಿದೆ. ತೆರೆಯ ಮೇಲಿನ ಸೊಸೆ ಬಾಯೊಳಗೇ ಏನೋ ಗೊಣಗಿದಳು. ನನಗಿಂತ ಮೊದಲು ನಮ್ಮ ಅತ್ತೆಯವರು ನಕ್ಕರು. ಹೊಟ್ಟೆ ಕುಣಿಸಿ, ಸೆರಗಿನಿಂದ ಬಾಯಿ ಮುಚ್ಚಿ. ಆಮೇಲೆ ಸಿನಿಮಾದ ಅತ್ತೆಗೆ, "ಬೇಕಿತ್ತಽ ನಿನಗ?" ಎಂದು ಕೇಳಿದರು.

ಟಿವಿಯ ಕೆಳಗೆ ಗೋಡೆಗೆ ಒಂದು ಕರಿಪಟ್ಟಿ ಅಂಟಿಕೊಂಡಿತ್ತು. ಲಟ್ಟಣಿಗೆಯನ್ನು ಎಳೆದು ಮೂರುಪಟ್ಟು ಉದ್ದ ಮಾಡಿದಂತೆ. ಮೂಲೆಯಲ್ಲಿ ಅದರದೇ ಒಂದು ಸಣ್ಣ ಡಬ್ಬಿ, ಮೇಲೆ ನಾದಿನಿ ಮನಿ ಪ್ಲ್ಯಾಂಟ್ ಇಟ್ಟಿದ್ದಳು. "ಏನ್ ಇದು?" ಎಂದು ಕೇಳಿದೆ.

"ಇದಾ? ಯಾರೋ ಗಿರಾಕಿ ವಾಪಸ್ ಕೊಟ್ಟಿದ್ದರಿ ವೈನಿ. ಎದ್ಯಾಗ ಬಡಿಯಂಗಿಲ್ಲ ಅಂತ. ಬರೇ ಮಾತ ಕೇಳ್ತೈತಿ ಇದರಾಗ. ಮಾತಿಗಂತನ ನಡುವ ಬ್ಯಾರೆ ಸ್ಪೀಕರ್ ಐತಂತ. ಯಾರೂ ತಗೋವಲ್ಲರು ಅಂತ ಇವರು ಮ್ಯಾಲ ತಂದ ಬಡದಾರ. ಈಗ ಕಂಪನಿಯಿಂದ ಇಂಥಾದು ಬರೋದೂ ಬಂದ್ ಆಗೇತಿ."

ಊಟ ಹೇಗೆ ಮುಗಿಯಿತೋ. ಎಣ್ಣೆಗಾಯಿ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನಾನು ಆ ಪಟ್ಟಿಯನ್ನು ಹೇಗೆ ಕೇಳುವುದೆಂದು ಯೋಚಿಸುತ್ತಿದ್ದೆ. ಯಜಮಾನರ ಮೊಣಕೈ ತಿವಿದೆ. ಅವರಿಗೂ ತಿಳಿದಿತ್ತು, ಆದರೆ ಅವರು ತಟ್ಟೆ ನೋಡುತ್ತಲೇ ತಲೆ ಅಲ್ಲಾಡಿಸಿದರು. ತಂಗಿಯ ಗೋಡೆಯಿಂದ ಬಳಸಿದ ವಸ್ತು ಕೀಳಿಸಿ ತರುವುದುಂಟೆ? ಬಾಯಿಬಿಟ್ಟು ಕೇಳಿದರೆ ಅಳಿಯ, ಬೀಗರಿಗೆ ಹಳೆಯದು ಕೊಡುವಷ್ಟು ಕಡೆಯಾದೆನೇ ಎನ್ನುತ್ತಾರೆ. ಅತ್ತೆಯವರು ಮಗಳ ಮನೆಯಲ್ಲಿ ಭಿಕ್ಷೆ ಬೇಡಿಸಿದಿರಿ ಎನ್ನುತ್ತಾರೆ. ಕೆಳಗೆ ಕಾರಿನ ಮೇಲೆ ಆ ಆಳೆತ್ತರದ ಕಂಬಗಳು ಕಾದಿದ್ದವು. ಅವುಗಳ ಜತೆ ಉಳಿದ ಆಯುಷ್ಯವನ್ನು ಕಳೆಯಬೇಕಾದದ್ದು ನಾನು, ಬೇಳೆ ಹಸನು ಮಾಡುತ್ತ ಕಳೆಯಬೇಕಾದದ್ದು ಅವರು.

ಹೊರಡುವ ಹೊತ್ತಾಯಿತು. ನಾದಿನಿ ರೂಢಿಯಂತೆ ನನಗೆ ಉಡಿ ತುಂಬಲು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಬಸದ ಖಣ ಇಟ್ಟುಕೊಂಡು ಬಂದಳು. ನಾನು ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ. ಅವಳು ಅರಿಸಿನ ಕುಂಕುಮ ಹಚ್ಚಿ, ಒಂದೊಂದೇ ಹಿಡಿ ಅಕ್ಕಿ ಹಾಕತೊಡಗಿದಳು. ಮಾವನವರು ಹೋದ ಮೇಲೆ ಅತ್ತೆಯವರು ಉಡಿ ತುಂಬುವಾಗ ದೂರ ಕೂತು ನೋಡುತ್ತಾರೆ. ಅಂದೂ ಮಂಚದ ಮೇಲೆಯೇ ಇದ್ದರು. ಖಣ ಇಟ್ಟಾಯಿತು, ಕಾಯಿ ಇಟ್ಟಾಯಿತು.

"ಮುಗೀತೇನ?" ಎಂದು ಅತ್ತೆಯವರು ಕೇಳಿದರು.

"ಮುಗೀತ ಯವ್ವಾ. ಇನ್ನೇನ ಹಾಕ್ಲಿ?"

ಅತ್ತೆಯವರು ಗಂಟಲು ಸರಿಮಾಡಿಕೊಂಡರು. ಸೀರೆಯ ಅಂಚಿನ ಒಂದು ಎಳೆ ಹಿಡಿದು ಎಳೆಯತೊಡಗಿದರು. ಹೊಸ ಸೀರೆ, ಹಾಗೆ ಎಳೆ ಎಳೆಯುವವರಲ್ಲ ಅವರು. ಗೋಡೆಯ ಕಡೆ ಗದ್ದ ಎತ್ತಿ, "ಅದನ್ನ ಹಾಕು" ಅಂದರು.

ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು, ಆದರೆ ನಂಬಲಿಲ್ಲ.

"ಯಾವುದ?"

"ಆ ಕರಿ ಪಟ್ಟಿ. ಮಾತಾಡೋದು."

ಅಳಿಯ ಕೂತಲ್ಲಿಂದ ಎದ್ದರು. "ಅತ್ತಿಯವರ, ಅದು ಹಳೇದರಿ! ನಾಲ್ಕ ಮಂದಿ ಕೇಳಿದ್ರ ಏನಂದಾರು? ಕಾರಿನ ಮ್ಯಾಲೆ ಹೊಸಾದು ಕಟ್ಟಿಸೇನಿ."

"ಅದನ್ನ ಇಳಸ್ರಿ ಅಳಿಯಂದ್ರ. ಅದು ಅಂಗಡಿ ಮಾಲು. ಅಂಗಡಿ ಮಾಲು ರೊಕ್ಕ ಕೊಡದ ನಾ ಒಯ್ಯಾಕಿಲ್ಲ, ನೀವು ತಗೊಳ್ಳಾವ್ರಲ್ಲ." ಅತ್ತೆಯವರು ಅಳಿಯನ ಜತೆ ಹೀಗೆ ನೇರ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇದು ಹೆಣ್ಣಮಕ್ಕಳ ವ್ಯವಹಾರ. ನನ್ನ ಮಗಳು ತನ್ನ ವೈನಿಗೆ ಉಡಿ ತುಂಬಾಕತ್ತಾಳ. ಉಡ್ಯಾಗ ಬಿದ್ದದ್ದಕ್ಕ ಹಳೇದು ಹೊಸಾದು ಅಂತ ಇರಂಗಿಲ್ಲ, ರೊಕ್ಕ ಅಂತನೂ ಇರಂಗಿಲ್ಲ. ಆಕಿ ಪಂಚಮಿಗೆ ಬಂದಾಗ ಏನ ಕೊಡಬೇಕು ಅನ್ನೋದು ನನಗ ಗೊತ್ತೈತಿ."

"ಆದ್ರ ವೈನಿಗೆ ದೊಡ್ಡದಽ ಮನಸ್ಸಿತ್ತಲ್ಲ?" ಎಂದು ನಾದಿನಿ ನನ್ನ ಕಡೆ ನೋಡಿದಳು. "ನೈಸ್ ಅಂದ್ರಂತಲ್ಲ?"

"ಆಕಿ ಎಲ್ಲಾಕ್ಕೂ ನೈಸ್ ಅಂತಾಳ" ಅಂದರು ಅತ್ತೆಯವರು. "ಮದಿವಿ ಆಗಿ ಬಂದಾಗ ನನ್ನ ಉಪ್ಪಿಲ್ಲದ ಸಾರಿಗೂ ಅಂದಿದ್ಲು."

ಎಲ್ಲರೂ ನಕ್ಕರು. ನಾನು ಸೆರಗು ಒಡ್ಡಿಕೊಂಡೇ ತಲೆ ತಗ್ಗಿಸಿದ್ದೆ, ಕಣ್ಣು ಕಾಣಬಾರದೆಂದು. ಅಳಿಯ ಸ್ಕ್ರೂಡ್ರೈವರ್ ತಂದು ಗೋಡೆಯಿಂದ ಪಟ್ಟಿ ಬಿಚ್ಚಿದರು. ನಾದಿನಿ ಅದರ ಧೂಳು ಒರೆಸಿ, ನಡುವೆ ಒಂದು ಬೊಟ್ಟು ಕುಂಕುಮ ಹಚ್ಚಿ, ಎರಡು ಕೈಯಲ್ಲಿ ಹಿಡಿದು ನನ್ನ ಉಡಿಯಲ್ಲಿಟ್ಟಳು. ಎರಡೂ ಕಡೆ ಮೊಳಮೊಳ ಹೊರಗೆ ಚಾಚಿತ್ತು. ಸಣ್ಣ ಡಬ್ಬಿಯ ಮೇಲಿನ ಮನಿ ಪ್ಲ್ಯಾಂಟ್ ಮಾತ್ರ ತನಗಿರಲಿ ಎಂದು ತೆಗೆದಿಟ್ಟುಕೊಂಡಳು.

ತುಂಬಿದ ಉಡಿಯನ್ನು ಮನೆಯ ದೇವರ ಜಗಲಿಯ ಮುಂದೆಯೇ ಇಳಿಸಬೇಕು, ನಡುದಾರಿಯಲ್ಲಿ ಬಿಡುವಂತಿಲ್ಲ. ಹುಕ್ಕೇರಿಯಿಂದ ಗೋಕಾಕದವರೆಗೆ ನಾನು ಹಿಂದಿನ ಸೀಟಿನಲ್ಲಿ ಹೋಮ್ ಥಿಯೇಟರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತೆ. ಒಂದು ತುದಿ ಕಾಜಿಗೆ, ಇನ್ನೊಂದು ತುದಿ ಆ ಬದಿಯ ಬಾಗಿಲಿಗೆ. ಪ್ರತಿ ಸ್ಪೀಡ್ ಬ್ರೇಕರಿಗೂ ಉಡಿಯ ಅಕ್ಕಿ ಪಟ್ಟಿಯ ಜಾಲರಿಯೊಳಗೆ ಇಳಿಯುವ ಸದ್ದು. "ಕೂಸಿನಂಗ ಹಿಡಕೊಂಡೀ" ಎಂದು ಯಜಮಾನರು ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು. ಅವರ ತಲೆಯ ಮೇಲಿನ ಕಂಬಗಳು ಇಳಿದಿದ್ದವು, ಹಾಗಾಗಿ ಹಗುರಾಗಿದ್ದರು.

ಊರು ಹತ್ತಿರ ಬಂದಾಗ ಅತ್ತೆಯವರು ಮುಂದೆ ನೋಡುತ್ತಲೇ ಹೇಳಿದರು: "ಯಾರರ ಕೇಳಿದ್ರ, ನನ್ನ ಸೊಸಿಗೆ ಸಿನಿಮಾ ಹುಚ್ಚು, ಅದಕ್ಕ ತಂದ್ವಿ ಅಂತ ನಾ ಹೇಳಾಕಿ. ನೀ ಸುಮ್ಕಿರಬೇಕು."

"ಹೂನ್ರಿ" ಅಂದೆ ನಾನು. ನನ್ನ ಸಣ್ಣ ದನಿ ಅವರಿಗೆ ಮುಟ್ಟಲಿಲ್ಲ. ತುಸು ಜೋರಾಗಿ, "ಹೂನ್ರಿ ಅತ್ತಿ!" ಅಂದೆ.

"ಕೇಳ್ತು. ಒದರಬ್ಯಾಡ."

ಜಗಲಿಯ ಮುಂದೆ ಉಡಿ ಬಿಚ್ಚಿ, ಜಾಲರಿಯಲ್ಲಿ ಸಿಕ್ಕ ಅಕ್ಕಿಕಾಳುಗಳನ್ನು ಸೂಜಿಯಿಂದ ತೆಗೆದೆ. ಯಜಮಾನರು ಟೇಪು ಹಿಡಿದು ಗೋಡೆ ಅಳೆದು, ನಾಲ್ಕು ಗೆರೆ ಎಳೆದು, ಎರಡು ಅಳಿಸಿ, ಕೊನೆಗೆ ಟಿವಿಯ ಮುಂದೆ ಮೇಜಿನ ಮೇಲೆಯೇ ಇಟ್ಟರು. ಚಹಾ ಕುಡಿದು ಒಂದು ಸಿನಿಮಾ ಹಾಕಿಕೊಂಡು ಕೂತೆವು. ಮೂರು ತಿಂಗಳ ಹಿಂದೆ ಅತ್ತೆಯವರು ಅರ್ಧಕ್ಕೆ ಎದ್ದುಹೋಗಿದ್ದ ಸಿನಿಮಾ ಅದು. ರೂಢಿಯಲ್ಲಿ ನನ್ನ ಕೈ ರಿಮೋಟಿಗೆ ಹೋಗಿ ಸೌಂಡು ಏರಿಸಲು ನೋಡಿತು. ಅತ್ತೆಯವರು ಮಣಿಕಟ್ಟು ಹಿಡಿದರು. "ಇರ್ಲಿ ಬಿಡ. ಕಿವಿ ಹೊಡದೀತು."

ಸ್ವಲ್ಪ ಹೊತ್ತಿಗೆ, "ಇಂವ ಸುಳ್ಳ ಹೇಳಾಕತ್ತಾನ" ಅಂದರು. "ಮಾರಿ ನೋಡಬ್ಯಾಡ, ದನಿ ಕೇಳು. ದನ್ಯಾಗ ಐತಿ."

ನಾನು ಆ ಸಿನಿಮಾವನ್ನು ಎರಡು ಸಲ ಪೂರ್ತಿ ನೋಡಿದವಳು. ಅವನು ಸುಳ್ಳು ಹೇಳುತ್ತಿದ್ದದ್ದು ಅಲ್ಲಿಯೇ ಎನ್ನುವುದು ನನಗೆ ಎರಡು ಸಲವೂ ಹೊಳೆದಿರಲಿಲ್ಲ. ಹೊರಗೆ ಹೊತ್ತು ಮುಳುಗಿತು, ದೀಪ ಹಚ್ಚಲು ಒಮ್ಮೆ ಎದ್ದವರು ಮತ್ತೆ ಬಂದು ಕೂತರು. ಸಿನಿಮಾ ಮುಗಿದು, ಹೆಸರುಗಳು ಬರತೊಡಗಿದರೂ ಏಳಲಿಲ್ಲ. "ನಾಯಕಿ ಅವ್ವಂದು ಪಾರ್ಟು ಛಲೋ ಇತ್ತು. ಮೊದಲ ಯಾಕ ಹೇಳಲಿಲ್ಲ ನನಗ?" ಎಂದು ನನ್ನನ್ನೇ ದಬಾಯಿಸಿದರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಪಕ್ಕದ ಮನೆಯಾಕೆ, ಹೆಪ್ಪಿಗೆ ಎರಡು ಚಮಚ ಮೊಸರು ಬೇಕೆಂದು ವಾಟಿ ಹಿಡಿದು ಬಂದಿದ್ದಳು. ನಾನು ಮೊಸರು ಹಾಕಿಕೊಟ್ಟೆ. ಅವಳು ಮೆಟ್ಟಿಲಿಳಿಯುತ್ತ, ಪಡಸಾಲೆಯ ಕಡೆ ಒಮ್ಮೆ ಇಣುಕಿ ಅಂದಳು:

"ಟಿವಿ ಕೆಟ್ಟೈತೇನ್ರಿ ವೈನಿ? ಇವತ್ತ ಒಂದ ಮಾತೂ ಕೇಳಲಿಲ್ಲ. ನಾ ದಿನಾ ರೊಟ್ಟಿ ಬಡಿಯೋದು ನಿಮ್ಮ ಟಿವಿ ದನಿ ಮ್ಯಾಲೇ ನಡದಿತ್ತರಿ. ಇವತ್ತ ಭಾಳ ಬ್ಯಾಸರಾತು."